ದೇಣಿಗೆ ಪಟ್ಟಿಯಲ್ಲಿ ಇಲ್ಲದ ಕಾಲಂ

(ಕಲಬುರಗಿಯಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇವತ್ತು ಒಂದು ಕಾಲಂ ಬಗ್ಗೆ ಮಾತನಾಡುತ್ತೇನೆ. ಪತ್ರಿಕೆಯ ಅಂಕಣದ ಬಗ್ಗೆ ಅಲ್ಲ, ಸರ್ಕಾರಿ ನಮೂನೆಯ ಒಂದು ಕಾಲಂ ಬಗ್ಗೆ.

ಅಮೆರಿಕದಲ್ಲಿ ಒಬ್ಬರು ಒಬ್ಬ ಅಭ್ಯರ್ಥಿಗೋ ಪಕ್ಷಕ್ಕೋ ಕೊಟ್ಟ ಹಣ 200 ಡಾಲರ್ ದಾಟಿತೆಂದರೆ, ಪಡೆದವರು ಅದರ ಲೆಕ್ಕವನ್ನು ಅಲ್ಲಿನ ಫೆಡರಲ್ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಕೊಟ್ಟವರ ಹೆಸರು, ವಿಳಾಸ, ಮೊತ್ತ ಇಷ್ಟಕ್ಕೇ ಮುಗಿಯುವುದಿಲ್ಲ. ಅವರ ಉದ್ಯೋಗ ಏನು, ಅವರು ಯಾರ ಬಳಿ ಕೆಲಸ ಮಾಡುತ್ತಾರೆ ಎಂಬುದನ್ನೂ ಬರೆಯಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಉದ್ಯೋಗದ ಕಾಲಂನಲ್ಲಿ ‘ವರದಿಗಾರ’, ‘ಸಂಪಾದಕ’ ಎಂದು ಹುಡುಕಿದರೆ ಸಾಕು, ಯಾವ ಪತ್ರಕರ್ತರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂದು ತಿಳಿಯುತ್ತದೆ.

2007ರಲ್ಲಿ ಅಲ್ಲಿನ ಎಂಎಸ್‌ಎನ್‌ಬಿಸಿ ಎಂಬ ಟಿ.ವಿ. ವಾಹಿನಿಯ ಸುದ್ದಿತಾಣ ಹಾಗೆಯೇ ಹುಡುಕಿ ಒಂದು ಪಟ್ಟಿಯನ್ನು ಪ್ರಕಟಿಸಿತು. 2004ರಿಂದ ಮುಂದಿನ ಮೂರು ವರ್ಷಗಳಲ್ಲಿ ರಾಜಕೀಯ ದೇಣಿಗೆ ಕೊಟ್ಟ 143 ಪತ್ರಕರ್ತರ ಹೆಸರು ಅದರಲ್ಲಿತ್ತು. ಅವರಲ್ಲಿ 125 ಮಂದಿ ಡೆಮಾಕ್ರಟಿಕ್ ಪಕ್ಷಕ್ಕೆ ಅಥವಾ ಆ ಕಡೆಯ ಸಂಘಟನೆಗಳಿಗೆ ಕೊಟ್ಟಿದ್ದರು. ರಿಪಬ್ಲಿಕನ್ನರಿಗೆ ಕೊಟ್ಟವರು 16 ಮಂದಿ. ಉಳಿದ ಇಬ್ಬರು ಎರಡೂ ಕಡೆಗೆ ಕೊಟ್ಟಿದ್ದರು. ಒಂಬತ್ತು ವರ್ಷಗಳ ನಂತರ, 2016ರ ಅಧ್ಯಕ್ಷೀಯ ಚುನಾವಣೆಯ ವೇಳೆ, ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಎಂಬ ತನಿಖಾ ಪತ್ರಿಕೋದ್ಯಮ ಸಂಸ್ಥೆ ಮತ್ತೆ ಲೆಕ್ಕ ಹಾಕಿತು. ಸುದ್ದಿ ಮಾಧ್ಯಮಗಳಲ್ಲಿ ಕೆಲಸ ಮಾಡುವವರು ಇಬ್ಬರು ಮುಖ್ಯ ಅಭ್ಯರ್ಥಿಗಳಿಗೆ ಕೊಟ್ಟ ಹಣ ಒಟ್ಟು ಸುಮಾರು 3,96,000 ಡಾಲರ್. ಅದರಲ್ಲಿ ಶೇ 96ರಷ್ಟು ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಅವರಿಗೆ ಹೋಗಿತ್ತು.

ಈ ಅಂಕಿಗಳನ್ನು ಕೇಳಿದ ತಕ್ಷಣ ನಿಮ್ಮಲ್ಲಿ ಕೆಲವರ ಮುಖದಲ್ಲಿ ‘ನೋಡಿ, ನಾವು ಹೇಳಿರಲಿಲ್ಲವೇ’ ಎಂಬ ಭಾವ ಬಂತು. ಅಲ್ಲೇ ಸ್ವಲ್ಪ ನಿಲ್ಲೋಣ. 2007ರ ಪಟ್ಟಿಯಲ್ಲಿದ್ದವರೆಲ್ಲ ರಾಜಕೀಯ ವರದಿಗಾರರಲ್ಲ. ಕ್ರೀಡೆಯ ಬಗ್ಗೆ, ಊಟತಿಂಡಿಯ ಬಗ್ಗೆ ಬರೆಯುವವರೂ ಇದ್ದರು, ರಾತ್ರಿ ಪಾಳಿಯಲ್ಲಿ ಕಾಗುಣಿತ ತಿದ್ದುವ ಉಪಸಂಪಾದಕರೂ ಇದ್ದರು. ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳು ತಮ್ಮ ಪತ್ರಕರ್ತರು ದೇಣಿಗೆ ಕೊಡುವುದನ್ನೇ ನಿಷೇಧಿಸಿವೆ. ಹಾಗಾಗಿ ಆ ಪಟ್ಟಿಗೆ ಸೇರಿದವರು ಯಾರು? ನಿಷೇಧವಿಲ್ಲದ ಕಡೆ ಇದ್ದವರು, ನಿಷೇಧವನ್ನು ಮರೆತವರು, ಲೆಕ್ಕಿಸದವರು. ಕೊಡದೆ ಸುಮ್ಮನಿದ್ದ ಸಾವಿರಾರು ಪತ್ರಕರ್ತರ ಮನಸ್ಸಿನಲ್ಲಿ ಏನಿತ್ತೆಂದು ಪಟ್ಟಿ ಹೇಳಲಾರದು. ಕೈ ಎತ್ತಿದವರನ್ನಷ್ಟೇ ಎಣಿಸಿ ಇಡೀ ಸಭೆಯ ಅಭಿಪ್ರಾಯ ಇದು ಎನ್ನಲು ಬರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಸಮೀಕ್ಷೆಗಳ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಹಾಗೆಂದು ಪಟ್ಟಿಗೆ ಅರ್ಥವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೊಟ್ಟವರಲ್ಲಿ ಅಷ್ಟು ದೊಡ್ಡ ಪಾಲು ಒಂದೇ ದಿಕ್ಕಿಗೆ ವಾಲಿದೆಯೆಂದರೆ ಓದುಗನಿಗೆ ಅನುಮಾನ ಬರುವುದು ಸಹಜ, ನ್ಯಾಯ ಕೂಡ.

ಒಬ್ಬ ವ್ಯಕ್ತಿಯ ಪ್ರಸಂಗ ನೋಡಿ. ಕೀತ್ ಓಲ್ಬರ್‌ಮನ್ ಎಂಬ ನಿರೂಪಕ ಅದೇ ಎಂಎಸ್‌ಎನ್‌ಬಿಸಿ ವಾಹಿನಿಯಲ್ಲಿ ಪ್ರತಿ ರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದರು. 2010ರ ಚುನಾವಣೆಯಲ್ಲಿ ಅವರು ಮೂವರು ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ತಲಾ 2,400 ಡಾಲರ್ ಕೊಟ್ಟಿದ್ದರು. ಮೂವರಲ್ಲಿ ಒಬ್ಬರು ಹಣ ಕೊಟ್ಟ ದಿನವೇ ಅವರ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದರು. ವಾಹಿನಿಯ ನಿಯಮದಂತೆ ಮೊದಲೇ ಅನುಮತಿ ಪಡೆಯಬೇಕಿತ್ತು, ಪಡೆದಿರಲಿಲ್ಲ. ಸುದ್ದಿ ಹೊರಬಂದಾಗ ಅವರನ್ನು ವೇತನವಿಲ್ಲದೆ ಅಮಾನತು ಮಾಡಿದರು, ಕೆಲವೇ ದಿನಗಳಲ್ಲಿ ವಾಪಸು ಕರೆದರು. ಅದೇ ತಿಂಗಳು ಅದೇ ವಾಹಿನಿಯ ಇನ್ನೊಬ್ಬ ನಿರೂಪಕ, ರಿಪಬ್ಲಿಕನ್ ಪಕ್ಷದಿಂದ ಸಂಸದರಾಗಿದ್ದ ಜೋ ಸ್ಕಾರ್ಬರೋ, ಇಂಥದ್ದೇ ಕಾರಣಕ್ಕೆ ಎರಡು ದಿನ ಅಮಾನತಾದರು.

ಆಗ ಹಲವರು ಕೇಳಿದ ಪ್ರಶ್ನೆ ಇದು: ಓಲ್ಬರ್‌ಮನ್ ಯಾವ ಕಡೆಯವರೆಂದು ಅವರ ನೋಡುಗರಿಗೆಲ್ಲ ಗೊತ್ತೇ ಇತ್ತು, ವರ್ಷಗಟ್ಟಲೆ ಬಾಯಿಬಿಟ್ಟು ಹೇಳಿದ್ದರು, ಹಣ ಕೊಟ್ಟಿದ್ದರಿಂದ ಹೊಸದಾಗಿ ಏನು ಕೆಟ್ಟಿತು? ನಾನು ಈ ಪ್ರಶ್ನೆಯನ್ನು ಬಹಳ ದಿನ ತಲೆಯಲ್ಲಿಟ್ಟುಕೊಂಡಿದ್ದೆ. ನನಗೆ ಹೊಳೆದ ಉತ್ತರ ಹೀಗಿದೆ. ಅಭಿಪ್ರಾಯವನ್ನು ನೀವು ಎಲ್ಲರೆದುರು ಹೇಳುತ್ತೀರಿ, ಕೇಳಿದವರು ಒಪ್ಪಬಹುದು, ಬೈಯಬಹುದು, ಮರುದಿನ ನಿಮ್ಮ ಮಾತು ತಪ್ಪೆಂದು ತೋರಿಸಬಹುದು. ಹಣವನ್ನು ಒಬ್ಬರಿಗೆ ಮಾತ್ರ ಕೊಡುತ್ತೀರಿ. ಪಡೆದವರಿಗೆ ಗೊತ್ತು, ನಿಮಗೆ ಗೊತ್ತು, ಎದುರು ಕೂತು ನೋಡುತ್ತಿರುವವರಿಗೆ ಗೊತ್ತಿಲ್ಲ. ಅತಿಥಿ ಮತ್ತು ನಿರೂಪಕರ ನಡುವೆ ಅಂದು ಇದ್ದ ಆ ಮೂರನೆಯ ಸಂಗತಿಯನ್ನು ನೋಡುಗರಿಂದ ಮುಚ್ಚಿಟ್ಟರಲ್ಲ, ತಪ್ಪು ಅದು.

ಮತದಾನದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಾಷಿಂಗ್ಟನ್ ಪೋಸ್ಟ್‌ನ ಸಂಪಾದಕರಾಗಿದ್ದ ಲೆನರ್ಡ್ ಡೌನಿ 1984ರಿಂದ ಮತ ಹಾಕುವುದನ್ನೇ ಬಿಟ್ಟರು. ಮನಸ್ಸಿನೊಳಗೂ ಯಾವ ಕಡೆಗೂ ತೀರ್ಮಾನ ಮಾಡಬಾರದು ಎಂಬುದು ಅವರ ವ್ರತ. ಆ ನಿಷ್ಠೆಗೆ ಗೌರವವಿದೆ, ಆದರೆ ಅದು ನನಗೆ ಒಪ್ಪಿಗೆಯಿಲ್ಲ. ನನ್ನ ಬೆರಳಿಗೆ ಪ್ರತಿ ಚುನಾವಣೆಯಲ್ಲೂ ಶಾಯಿ ಬಿದ್ದಿದೆ. ಆ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ, 1962ರಿಂದ ದೇಶದ ಬೆರಳುಗಳಿಗೆ ಬೀಳುತ್ತಿದೆ. ನಾನು ಮತ ಹಾಕಿದೆ ಎಂದು ಅದು ಊರಿಗೆಲ್ಲ ತೋರಿಸುತ್ತದೆ, ಯಾರಿಗೆ ಹಾಕಿದೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಮತ ಪಡೆದ ಅಭ್ಯರ್ಥಿಗೆ ಅದು ನನ್ನ ಮತವೆಂದು ಗೊತ್ತಿಲ್ಲ, ಆದ್ದರಿಂದ ಅವರಿಗೆ ನನ್ನ ಮೇಲೆ ಋಣವಿಲ್ಲ, ನನಗೆ ಅವರ ಮೇಲೆ ಹಕ್ಕಿಲ್ಲ. ದೇಣಿಗೆ ಹಾಗಲ್ಲ.

ಈಗ ನಮ್ಮ ಕಡೆಗೆ ಬರೋಣ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಪತ್ರಕರ್ತರು ಯಾವ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದಾರೆ ಎಂದು ಹುಡುಕಿ ನೋಡಿ ಎಂದರೆ ಹೇಗೆ ಹುಡುಕುತ್ತೀರಿ? ನಮ್ಮಲ್ಲೂ ಕಾನೂನಿದೆ. ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಕಲಮಿನ ಪ್ರಕಾರ 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗಳ ವಿವರವನ್ನು ಪಕ್ಷಗಳು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು. ಅದಕ್ಕೆಂದೇ 24ಎ ಎಂಬ ನಮೂನೆ ಇದೆ. ಅದರಲ್ಲಿ ಹೆಸರಿದೆ, ಪೂರ್ಣ ವಿಳಾಸವಿದೆ, ಪ್ಯಾನ್ ಸಂಖ್ಯೆ ಇದೆ, ಮೊತ್ತವಿದೆ, ಚೆಕ್ಕೋ ನಗದೋ ಎಂಬುದೂ ಇದೆ. ಉದ್ಯೋಗ ಏನು ಎಂಬ ಕಾಲಂ ಇಲ್ಲ.

ನಾನು ಆರಂಭದಲ್ಲಿ ಹೇಳಿದ ಕಾಲಂ ಇದೇ. ಅಷ್ಟು ಅಗಲದ ಜಾಗ ಆ ಹಾಳೆಯಲ್ಲಿ ಇಲ್ಲದ್ದರಿಂದ ನಮ್ಮ ದೇಶದಲ್ಲಿ 2007ರ ಪಟ್ಟಿಯಂಥ ಪಟ್ಟಿ ಹುಟ್ಟುವುದಿಲ್ಲ. ಸಮೀಕ್ಷೆ ನಡೆಸುವ ಸಂಸ್ಥೆಯ ಮಾಲೀಕರು ಯಾವ ಪಕ್ಷಕ್ಕಾದರೂ ಹಣ ಕೊಟ್ಟಿದ್ದಾರೆಯೇ, ವಾಹಿನಿಯ ಸಂಪಾದಕರು ಕೊಟ್ಟಿದ್ದಾರೆಯೇ ಎಂಬುದನ್ನು ಹೆಸರಿನಿಂದ ಊಹಿಸಬೇಕು, ಮತ್ತು ಒಂದೇ ಹೆಸರಿನವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ನಿಮಗೇ ಗೊತ್ತು. ಶರಣಬಸಪ್ಪ ಎಂದು ಹುಡುಕಿದರೆ ಈ ಊರಿನ ಒಂದೇ ಓಣಿಯಲ್ಲಿ ನಾಲ್ವರು ಸಿಗುತ್ತಾರೆ.

ಒಂದು ಸಲ ಮಾತ್ರ ನಮಗೂ ದೊಡ್ಡ ಪಟ್ಟಿಯೊಂದು ಸಿಕ್ಕಿತು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಜನರಿಗೆ ತಿಳಿಯುವಂತಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಮತದಾರನ ತಿಳಿಯುವ ಹಕ್ಕೇ ಆ ತೀರ್ಪಿನ ತಿರುಳು. ಮಾರ್ಚ್ 14ರಂದು ಆಯೋಗ ಪಟ್ಟಿ ಹಾಕಿತು, ಒಂದು ವಾರದ ನಂತರ ಬಾಂಡ್ ಸಂಖ್ಯೆಗಳೂ ಬಂದವು. ಆ ರಾತ್ರಿ ದೇಶದ ಎಷ್ಟೋ ಸುದ್ದಿಮನೆಗಳಲ್ಲಿ ಯುವ ಪತ್ರಕರ್ತರು ಯಾರ ಹಣ ಯಾವ ಪಕ್ಷಕ್ಕೆ ಹೋಯಿತೆಂದು ತಿಳಿಯಲು ಸಂಖ್ಯೆಗೆ ಸಂಖ್ಯೆ ಹೊಂದಿಸುತ್ತ ಕೂತಿದ್ದರು. ಆ ಕೆಲಸ ಮಾಡಿದವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮಾಧ್ಯಮದವರು ತಮ್ಮನ್ನೇ ಹೀಗೆ ಹುಡುಕಿಕೊಂಡ ಉದಾಹರಣೆ ನಮ್ಮಲ್ಲಿ ಬಹಳ ಕಡಿಮೆ.

ಇಷ್ಟು ಹೇಳಿದ ಮೇಲೆ ಒಂದು ನಿಜವನ್ನು ಒಪ್ಪಿಕೊಳ್ಳಬೇಕು. ನಮ್ಮ ಜಿಲ್ಲೆಯ ಪತ್ರಕರ್ತ ಪಕ್ಷಕ್ಕೆ ದೇಣಿಗೆ ಕೊಡುವುದಿಲ್ಲ. ಕೊಡಲು ಅವನ ಹತ್ತಿರ ಏನಿದೆ? ತಾಲ್ಲೂಕಿನ ಅರೆಕಾಲಿಕ ವರದಿಗಾರರಿಗೆ ಸಿಗುವ ಗೌರವಧನ ಬಸ್ಸಿಗೂ ಮೊಬೈಲಿಗೂ ಸಾಲದು. ಇಲ್ಲಿ ಹಣ ಹರಿಯುವ ದಿಕ್ಕೇ ಬೇರೆ. ಪಕ್ಷದಿಂದ, ಅಭ್ಯರ್ಥಿಯಿಂದ ಪತ್ರಿಕೆಯ ಕಡೆಗೆ ಹರಿಯುತ್ತದೆ.

ನಾನು ಈ ಊರಿನಲ್ಲಿ ಜಿಲ್ಲಾ ವರದಿಗಾರನಾಗಿದ್ದಾಗ ಸುದ್ದಿ ಬರೆಯುವುದರ ಜೊತೆಗೆ ಜಾಹೀರಾತು ತರುವುದೂ ನನ್ನ ಕೆಲಸವಾಗಿತ್ತು. ನಾಯಕರ ಹುಟ್ಟುಹಬ್ಬದ ಶುಭಾಶಯ, ಜಾತ್ರೆಯ ಪುರವಣಿ, ಚುನಾವಣೆಯ ಪುಟಗಳು, ಎಲ್ಲದಕ್ಕೂ ಕಮಿಷನ್ ಇತ್ತು. ಸಂಬಳ ಎರಡು ತಿಂಗಳು ತಡವಾದಾಗ ಮನೆಗೆ ತೊಗರಿಬೇಳೆ ಬಂದದ್ದು ಆ ಕಮಿಷನ್‌ನಿಂದಲೇ. ಬೆಳಿಗ್ಗೆ ಒಬ್ಬ ಮುಖಂಡರ ಮನೆಗೆ ಹೋಗಿ ಅರ್ಧ ಪುಟದ ಜಾಹೀರಾತಿಗೆ ಕೈ ಒಡ್ಡಿದವನು ಸಂಜೆ ಅವರದೇ ಕಾಮಗಾರಿಯಲ್ಲಿ ಸಿಮೆಂಟ್ ಕಡಿಮೆ ಹಾಕಿದ್ದಾರೆ ಎಂದು ಬರೆಯುವಾಗ ಕೈ ನಡುಗುತ್ತದೆ. ಬರೆದದ್ದೂ ಇದೆ, ಬರೆಯದೆ ಬಿಟ್ಟದ್ದೂ ಇದೆ. ಬಿಟ್ಟ ಸುದ್ದಿಗಳು ಯಾವುವೆಂದು ನನಗೆ ಈಗಲೂ ನೆನಪಿದೆ. ಅವುಗಳಲ್ಲಿ ಒಂದು ಶಾಲೆಯ ಕೋಣೆ. ಎರಡು ಮಳೆಗಾಲದಲ್ಲಿ ಅದರ ಛಾವಣಿ ಸೋರಲು ಶುರುವಾಯಿತು. ಮಕ್ಕಳಿಗೆ ಏನೂ ಆಗಲಿಲ್ಲ ಎಂಬುದು ನನ್ನ ಪುಣ್ಯ.

ಚುನಾವಣೆ ಬಂತೆಂದರೆ ‘ಪ್ಯಾಕೇಜ್’ ಎಂಬ ಪದ ಕೇಳಿಸತೊಡಗುತ್ತದೆ. ಇಷ್ಟು ಹಣಕ್ಕೆ ಇಷ್ಟು ದಿನ, ದಿನಕ್ಕೆ ಇಷ್ಟು ಸುದ್ದಿ, ಇಷ್ಟು ಫೋಟೊ, ಎದುರಾಳಿಯ ಸುದ್ದಿ ಒಳಪುಟಕ್ಕೆ. ಜಾಹೀರಾತು ಎಂಬ ಪದ ಎಲ್ಲೂ ಇರುವುದಿಲ್ಲ. ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪಾದಯಾತ್ರೆಯ ವರದಿ ಒಂದೇ ದಿನ ಮೂರು ಪತ್ರಿಕೆಗಳಲ್ಲಿ ಬಂತು. ಮೂರರಲ್ಲೂ ಅದೇ ವಾಕ್ಯಗಳು. ಊರಿನ ಹೆಸರಿನಲ್ಲಿದ್ದ ಕಾಗುಣಿತದ ತಪ್ಪು ಕೂಡ ಮೂರರಲ್ಲೂ ಒಂದೇ. ಆ ಮೂರರಲ್ಲಿ ಒಂದು ನಾನು ಕೆಲಸ ಮಾಡುತ್ತಿದ್ದ ಪತ್ರಿಕೆ. ಮರುದಿನ ಆ ಊರಿನ ರೈತರೊಬ್ಬರು ಗಂಜ್‌ಗೆ ತೊಗರಿ ತಂದವರು ಕಚೇರಿಗೆ ಬಂದು, ‘ನಮ್ಮ ಊರಿಗೆ ಅವರು ಬಂದೇ ಇಲ್ಲ, ರಸ್ತೆಯ ಮೇಲೆ ಕಾರು ಹಾದುಹೋಯಿತು ಅಷ್ಟೆ’ ಎಂದರು. ಅವರಿಗೆ ಏನು ಹೇಳಬೇಕೆಂದು ತಿಳಿಯದೆ ಚಹಾ ತರಿಸಿದೆ.

ಇದು ನಮ್ಮ ಊರಿನ ಕಾಯಿಲೆ ಮಾತ್ರವಲ್ಲ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಪರಸ್ಪರ ಪೈಪೋಟಿಯ ಮರಾಠಿ ಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ಬರಹ ಬಂದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಭಾರತೀಯ ಪತ್ರಿಕಾ ಮಂಡಳಿ ಇಬ್ಬರು ಸದಸ್ಯರ ಉಪಸಮಿತಿ ಮಾಡಿ ವರದಿ ಬರೆಸಿತು. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಬರೆದ ಆ ವರದಿಯಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. 2010ರಲ್ಲಿ ಮಂಡಳಿ ಪ್ರಕಟಿಸಿದ್ದು ಚಿಕ್ಕ ವರದಿಯನ್ನು ಮಾತ್ರ. ಹೆಸರುಗಳಿದ್ದ ದೊಡ್ಡ ವರದಿ 2011ರಲ್ಲಿ, ಮಾಹಿತಿ ಹಕ್ಕಿನ ದಾರಿಯಿಂದ ಹೊರಬಂತು. ಪತ್ರಿಕೆಗಳ ತಪ್ಪನ್ನು ತಿಳಿಯಲು ಓದುಗ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಯಿತು! ಅದೇ ವರ್ಷ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿಯನ್ನು ಚುನಾವಣಾ ಆಯೋಗ ಮೂರು ವರ್ಷಗಳಿಗೆ ಅನರ್ಹಗೊಳಿಸಿತು. ಸುದ್ದಿಯ ರೂಪದಲ್ಲಿ ಬಂದ ಜಾಹೀರಾತಿನ ವೆಚ್ಚವನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಇಂಥ ಪ್ರಕರಣದಲ್ಲಿ ಸ್ಥಾನ ಕಳೆದುಕೊಂಡ ಮೊದಲ ಶಾಸಕಿ ಅವರು. ಹಣ ಪಡೆದ ಪತ್ರಿಕೆಗಳ ಮಾತೇನು? ಅಭ್ಯರ್ಥಿಯ ಲೆಕ್ಕ ನೋಡುವ ಅಧಿಕಾರ ಆಯೋಗಕ್ಕಿದೆ, ಪತ್ರಿಕೆಯ ಲೆಕ್ಕ ನೋಡುವ ಅಧಿಕಾರ ಇಲ್ಲ. ಪತ್ರಿಕಾ ಮಂಡಳಿ ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು.

ಈಗ ಜಿಲ್ಲಾಧಿಕಾರಿ ಕಚೇರಿಯಲ್ಲಿ ಚುನಾವಣೆ ಬಂದಾಗಲೆಲ್ಲ, ಸುದ್ದಿಯ ವೇಷದ ಜಾಹೀರಾತನ್ನು ಹುಡುಕುವ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಕೂರುತ್ತದೆ. ವಿದ್ಯಾರ್ಥಿಗಳು ಒಂದು ದಿನ ಅಲ್ಲಿಗೆ ಹೋಗಿ ನೋಡಬೇಕು. ಕತ್ತರಿ ಹಿಡಿದು ಪತ್ರಿಕೆ ಓದುವುದು ಎಂದರೆ ಏನೆಂದು ತಿಳಿಯುತ್ತದೆ.

ಸಮೀಕ್ಷೆಗಳಿಗೆ ಬರುತ್ತೇನೆ. 2024ರ ಜೂನ್ 1ರ ಸಂಜೆ ನೀವೆಲ್ಲ ಟಿ.ವಿ. ಮುಂದೆ ಕೂತಿದ್ದಿರಿ. ಬಹುತೇಕ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಸ್ಥಾನ ಕೊಟ್ಟವು, ಕೆಲವು 400ರ ತನಕ ಹೋದವು. ಜೂನ್ 3ರಂದು ಸೆನ್ಸೆಕ್ಸ್ 2,500 ಅಂಶ ಏರಿತು. ಜೂನ್ 4ರಂದು ಎಣಿಕೆ ನಡೆದು ಎನ್‌ಡಿಎಗೆ 293 ಸ್ಥಾನ ಬಂದಾಗ ಅದೇ ಸೆನ್ಸೆಕ್ಸ್ ಒಂದೇ ದಿನ ಸುಮಾರು 4,390 ಅಂಶ ಕುಸಿಯಿತು. ಅಂದಿನಿಂದ ಎಲ್ಲಿಗೆ ಹೋದರೂ ಒಂದೇ ಮಾತು: ಸಮೀಕ್ಷೆಯವರು ಹಣ ತಿಂದಿದ್ದಾರೆ.

ಹಣದ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಮೀಕ್ಷೆ ತಪ್ಪಾಗಲು ಯಾರೂ ಹಣ ತಿನ್ನಬೇಕಾಗಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು. ಹಳೆಯ ಪ್ರಸಂಗವೊಂದಿದೆ. 1936ರ ಅಧ್ಯಕ್ಷೀಯ ಚುನಾವಣೆಯ ವೇಳೆ ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ ಒಂದು ಕೋಟಿ ಕಾರ್ಡುಗಳನ್ನು ಅಂಚೆಗೆ ಹಾಕಿ ಯಾರಿಗೆ ಮತ ಎಂದು ಕೇಳಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು.  ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. 48 ರಾಜ್ಯಗಳಲ್ಲಿ 46 ಅವರ ಎದುರಾಳಿ, ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಪಾಲಾದವು. ಪತ್ರಿಕೆಯವರು ಯಾರಿಂದಲೂ ಹಣ ಪಡೆದಿರಲಿಲ್ಲ. ಅವರು ವಿಳಾಸಗಳನ್ನು ಆರಿಸಿದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಮೋಟಾರು ಕಾರಿನ ನೋಂದಣಿ ಪುಸ್ತಕಗಳಿಂದ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಫೋನೂ ಕಾರೂ ಇದ್ದವರು ಯಾರು? ಎರಡೇ ವರ್ಷಕ್ಕೆ ಪತ್ರಿಕೆ ಮುಚ್ಚಿತು. ಪತ್ರಕರ್ತರ ದೇಣಿಗೆ ಪಟ್ಟಿಯ ಬಗ್ಗೆ ಆಗ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ: ಸಿಕ್ಕವರನ್ನು ಎಣಿಸುವುದು ಬೇರೆ, ಎಲ್ಲರನ್ನೂ ಎಣಿಸುವುದು ಬೇರೆ.

ನಮ್ಮ ಭಾಗದಲ್ಲಿ ಯಾರು ಸಿಗುತ್ತಾರೆ ನೋಡಿ. 2024ರಲ್ಲಿ ಕಲಬುರಗಿಯಲ್ಲಿ ಮತದಾನ ಮೇ 7ಕ್ಕೆ ಇತ್ತು, ಬಿಸಿಲು ನಲವತ್ತು ಡಿಗ್ರಿ ದಾಟಿದ ಕಾಲ. ತಾಂಡಾಗಳಲ್ಲಿ ದುಡಿಯುವ ವಯಸ್ಸಿನವರು ಮುಂಬೈಗೋ ಪುಣೆಗೋ ಹೈದರಾಬಾದಿಗೋ ಹೋಗಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮತದಾನದ ಹಿಂದಿನ ದಿನ ಬಸ್ಸು ತುಂಬಿಕೊಂಡು ಬರುತ್ತಾರೆ, ಮತ ಹಾಕಿ ಹೋಗುತ್ತಾರೆ. ಹದಿನೈದು ದಿನ ಮೊದಲು ಬಂದ ಸಮೀಕ್ಷಕರಿಗೆ ಸಿಗುವವರು ಮನೆಯಲ್ಲಿ ಉಳಿದ ಮುದುಕರು. ಒಂದು ಚುನಾವಣೆಯಲ್ಲಿ ನಾನು ಸಮೀಕ್ಷೆಯ ತಂಡವೊಂದರ ಜೊತೆ ಒಂದು ದಿನ ಸುತ್ತಿದ್ದೆ. ಬೆಂಗಳೂರಿನಿಂದ ಬಂದ ಹುಡುಗರು, ಒಳ್ಳೆಯವರು, ಒಂದು ಫಾರ್ಮಿಗೆ ಇಷ್ಟು ಎಂದು ಕೂಲಿ. ತಾಂಡಾದ ನಾಯಕರ ಕಟ್ಟೆಯಲ್ಲಿ ಕೂತು ಹನ್ನೆರಡು ಫಾರ್ಮು ತುಂಬಿದರು. ಪ್ರಶ್ನೆ ಕೇಳಿದ್ದು ಹನ್ನೆರಡು ಮಂದಿಗೆ, ಉತ್ತರ ಕೊಟ್ಟದ್ದು ನಾಯಕರು ಒಬ್ಬರೇ. ಉಳಿದವರು ಅವರ ಮುಖ ನೋಡಿ ಹೌದೆಂದರು. ಹೆಂಗಸರು ಹೊರಗೇ ಬರಲಿಲ್ಲ. ಲಂಬಾಣಿ ಭಾಷೆ ಬಲ್ಲವರು ಆ ತಂಡದಲ್ಲಿ ಒಬ್ಬರೂ ಇರಲಿಲ್ಲ.

ಕ್ಷೇತ್ರಗಳ ಗಡಿಯೂ ಒಂದು ತೊಡಕು. ಆಳಂದ, ಚಿಂಚೋಳಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಲೋಕಸಭೆಗೆ ಮತ ಹಾಕುವುದು ಬೀದರ್ ಕ್ಷೇತ್ರಕ್ಕೆ. ಗುರುಮಠಕಲ್ ಯಾದಗಿರಿ ಜಿಲ್ಲೆಯದು, ಮತ ಕಲಬುರಗಿ ಕ್ಷೇತ್ರದ್ದು. ಜಿಲ್ಲೆಯ ನಕ್ಷೆ ಹಿಡಿದು ಬಂದವರು ಇಲ್ಲೇ ಎಡವುತ್ತಾರೆ.

ಮತದ ಪಾಲನ್ನು ಸ್ಥಾನಗಳಿಗೆ ಪರಿವರ್ತಿಸುವುದು ಇನ್ನೂ ಕಷ್ಟ. ನಮ್ಮದೇ ರಾಜ್ಯದ ಉದಾಹರಣೆ ಕೊಡುತ್ತೇನೆ. 2018ರಲ್ಲಿ ಬಿಜೆಪಿ ಸುಮಾರು ಶೇ 36ರಷ್ಟು ಮತ ಪಡೆದು 104 ಸ್ಥಾನ ಗೆದ್ದಿತು. 2023ರಲ್ಲೂ ಅದಕ್ಕೆ ಸುಮಾರು ಶೇ 36ರಷ್ಟೇ ಮತ ಬಂತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್ ಸುಮಾರು ಶೇ 43ಕ್ಕೆ ಏರಿ 135 ಗೆದ್ದಿತು. ಒಂದು ಪಕ್ಷದ ಮತ ಅಲುಗಾಡದೆ 38 ಸ್ಥಾನ ಹೋಗಬಹುದಾದ ಕಡೆ, ಸಮೀಕ್ಷೆಯಲ್ಲಿ ಶೇ 3ರ ದೋಷವಿದ್ದರೆ ಏನಾಗಬಹುದೆಂದು ನೀವೇ ಲೆಕ್ಕ ಹಾಕಿ.

ಹಾಗಾದರೆ ಪಕ್ಷದ ನಂಟು ಇರುವವರ ಸಮೀಕ್ಷೆಯನ್ನು ನಂಬಬಾರದೇ? ಇದಕ್ಕೂ ಸರಳ ಉತ್ತರ ಇಲ್ಲ. 2012ರ ಅಮೆರಿಕದ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸೇರದ, ಬಹು ಹಳೆಯ ಗ್ಯಾಲಪ್ ಸಂಸ್ಥೆಯ ಕೊನೆಯ ಸಮೀಕ್ಷೆ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿ ಶೇಕಡಾ ಒಂದು ಅಂಶದಿಂದ ಮುಂದಿದ್ದಾರೆ ಎಂದಿತು. ಡೆಮಾಕ್ರಟಿಕ್ ಪಕ್ಷದ ಕಡೆಯದೆಂದೇ ಎಲ್ಲರಿಗೂ ಗೊತ್ತಿದ್ದ ಪಬ್ಲಿಕ್ ಪಾಲಿಸಿ ಪೋಲಿಂಗ್ ಸಂಸ್ಥೆ ಒಬಾಮ ಎರಡು ಅಂಶ ಮುಂದಿದ್ದಾರೆ ಎಂದಿತು. ಒಬಾಮ ಗೆದ್ದದ್ದು ಹತ್ತಿರ ಹತ್ತಿರ ನಾಲ್ಕು ಅಂಶದಿಂದ. ಪಕ್ಷದ ನಂಟಿದ್ದವರೇ ನಿಜಕ್ಕೆ ಹತ್ತಿರವಿದ್ದರು. ಅವರ ನಂಟು ಬಹಿರಂಗವಾಗಿತ್ತು. ಓದುವವರು ಅದನ್ನು ಗಣನೆಗೆ ತೆಗೆದುಕೊಂಡೇ ಓದುತ್ತಿದ್ದರು. ನಮ್ಮಲ್ಲೂ ಯೋಗೇಂದ್ರ ಯಾದವ್ ವರ್ಷಗಟ್ಟಲೆ ಟಿ.ವಿ.ಯಲ್ಲಿ ಚುನಾವಣೆಗಳನ್ನು ವಿಶ್ಲೇಷಿಸಿದವರು, 2012ರಲ್ಲಿ ಆಮ್ ಆದ್ಮಿ ಪಕ್ಷ ಸೇರಿದರು. ಆಮೇಲೆ ಅವರು ಕೊಟ್ಟ ಅಂಕಿಗಳನ್ನು ಪಕ್ಷದವರ ಅಂಕಿ ಎಂದೇ ಜನ ಓದಿದರು. ಅದು ಸರಿಯಾದ ಓದು.

ಭಾರತೀಯ ಪತ್ರಿಕಾ ಮಂಡಳಿ 1996ರಲ್ಲೇ ಸಮೀಕ್ಷೆಗಳ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿದೆ. ಸಮೀಕ್ಷೆ ಪ್ರಕಟಿಸುವಾಗ ಅದನ್ನು ಮಾಡಿದ ಸಂಸ್ಥೆ ಯಾವುದು, ಮಾಡಿಸಿದವರು ಯಾರು, ಎಷ್ಟು ಜನರನ್ನು ಕೇಳಿದರು, ಅವರನ್ನು ಹೇಗೆ ಆರಿಸಿದರು, ತಪ್ಪುವ ಅಂದಾಜು ಎಷ್ಟು, ಇವನ್ನೆಲ್ಲ ಎದ್ದು ಕಾಣುವಂತೆ ಮುದ್ರಿಸಬೇಕು. ಮಾಡಿಸಿದವರು ಯಾರು ಎಂಬ ಎರಡನೆಯ ಅಂಶವನ್ನು ನೀವು ಕೊನೆಯ ಸಲ ಯಾವ ಪತ್ರಿಕೆಯಲ್ಲಿ, ಯಾವ ವಾಹಿನಿಯಲ್ಲಿ ಕಂಡಿರಿ? ಮತದಾನ ಮುಗಿಯುವ ಮೊದಲು ಮತಗಟ್ಟೆ ಸಮೀಕ್ಷೆ ಹೊರಬಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಜೈಲು ಇದೆ. ಮಾಡಿಸಿದವರ ಹೆಸರು ಮುಚ್ಚಿಟ್ಟರೆ ಏನೂ ಇಲ್ಲ. ಯಾವಾಗ ಹೇಳಬೇಕೆಂಬುದಕ್ಕೆ ಇಷ್ಟು ಬಿಗಿಯಾದ ಕಾನೂನು ಮಾಡಿದವರು, ಯಾರ ಹಣದಲ್ಲಿ ಹೇಳುತ್ತಿದ್ದೀರಿ ಎಂಬುದನ್ನು ಕೇಳದೆ ಬಿಟ್ಟಿದ್ದಾರೆ.

ಇನ್ನು ಓದುಗರ ಪಾಲಿನ ಮಾತು. ಇದು ನಿಮಗೆ ಸ್ವಲ್ಪ ಕಹಿಯಾಗಬಹುದು. 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂವರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. 1982ರ ಬೈರೂತ್ ಹತ್ಯಾಕಾಂಡದ ಬಗ್ಗೆ ಟಿ.ವಿ.ಯಲ್ಲಿ ಬಂದಿದ್ದ ಸುದ್ದಿಗಳನ್ನು ಇಸ್ರೇಲ್ ಪರ ವಿದ್ಯಾರ್ಥಿಗಳಿಗೂ ಅರಬರ ಪರ ವಿದ್ಯಾರ್ಥಿಗಳಿಗೂ ತೋರಿಸಿದರು. ತೋರಿಸಿದ್ದು ಅದೇ ತುಣುಕುಗಳನ್ನು. ಎರಡು ಗುಂಪಿನವರೂ ‘ಇದು ನಮ್ಮ ವಿರುದ್ಧ ಇದೆ’ ಎಂದರು. ಸುದ್ದಿಯಲ್ಲಿ ಪಕ್ಷಪಾತ ಇಲ್ಲದಿದ್ದರೂ ನೋಡುವವರ ಪಕ್ಷ ಅದನ್ನು ಹುಟ್ಟಿಸಬಲ್ಲದು.

ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿಯಲ್ಲಿ ನಾನು ಇದನ್ನು ದಿನವೂ ಕಂಡಿದ್ದೇನೆ. ಅಲ್ಲಿ ಕನ್ನಡ ಪತ್ರಿಕೆಗಳ ಜೊತೆ ಹೈದರಾಬಾದಿನಿಂದ ಬರುವ ಉರ್ದು ಪತ್ರಿಕೆಯೂ ಇರುತ್ತಿತ್ತು. ನನ್ನ ಒಂದೇ ವರದಿಗೆ ಎರಡು ಪಕ್ಷದವರಿಂದಲೂ ಬೆಳಿಗ್ಗೆ ಫೋನು ಬರುತ್ತಿತ್ತು, ಇಬ್ಬರದೂ ಒಂದೇ ದೂರು. ‘ಇಬ್ಬರೂ ಬೈದರು, ಅಂದರೆ ನಾನು ಸರಿ’ ಎಂದು ಆಗ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಈಗ ನಿಮಗೆ ಹೇಳುತ್ತೇನೆ, ದಯವಿಟ್ಟು ಆ ಸಮಾಧಾನಕ್ಕೆ ಬೀಳಬೇಡಿ. ಇಬ್ಬರೂ ಬೈದರೆ ನೀವು ಸರಿ ಇರಬಹುದು, ಎರಡು ಕಡೆಯೂ ತಪ್ಪಿರಬಹುದು. ಮತ್ತೆ ಟಿಪ್ಪಣಿ ಪುಸ್ತಕ ತೆರೆದು ನೋಡದೆ ಗೊತ್ತಾಗುವುದಿಲ್ಲ.

ನನ್ನದೇ ದೊಡ್ಡ ತಪ್ಪು ಹಣದಿಂದ ಆದದ್ದಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿಂದ ಮಲ್ಲಿಕಾರ್ಜುನ ಖರ್ಗೆ ಅವರು ಗೆಲ್ಲುತ್ತಾರೆ ಎಂದು ನಾನು ಬರೆದಿದ್ದೆ. ಯಾರೂ ನನಗೆ ಒಂದು ರೂಪಾಯಿ ಕೊಟ್ಟಿರಲಿಲ್ಲ. ‘ಸೋಲಿಲ್ಲದ ಸರದಾರ’ ಎಂದು ನಾವೇ ಕೊಟ್ಟ ಹೆಸರನ್ನು ದಶಕಗಟ್ಟಲೆ ಬರೆದೂ ಬರೆದೂ ನಾವೇ ನಂಬಿದ್ದೆವು. ಅವರು 95,452 ಮತಗಳಿಂದ ಸೋತರು. ಅಷ್ಟು ದೊಡ್ಡ ಅಂತರ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಜನ ಆ ಮಾತಾಡುತ್ತಿದ್ದಿರಬೇಕು. ನಾನು ಸುದ್ದಿಗೋಷ್ಠಿಗಳಲ್ಲಿ, ಪರಿಚಯದ ಮುಖಂಡರ ಮನೆಗಳಲ್ಲಿ ಕೂತಿದ್ದೆ. ಪಕ್ಷಪಾತಕ್ಕೆ ರಸೀದಿ ಇರಲೇಬೇಕೆಂದಿಲ್ಲ. ಆದರೆ ರಸೀದಿ ಇರುವ ಕಡೆ ಅದನ್ನು ತೋರಿಸಲು ಏನು ಅಡ್ಡಿ ಎಂಬುದು ನನ್ನ ಪ್ರಶ್ನೆ.

ಹಾಗಾಗಿ ನಾನು ಕೇಳುವುದು ಬಹಳ ದೊಡ್ಡದೇನಲ್ಲ. 24ಎ ನಮೂನೆಗೆ ಉದ್ಯೋಗದ ಕಾಲಂ ಸೇರಲಿ. ಸಮೀಕ್ಷೆ ಮಾಡಿಸಿದವರ ಹೆಸರು ಶೀರ್ಷಿಕೆಯ ಕೆಳಗೇ ಬರಲಿ, ಆ ಸಂಸ್ಥೆ ಕಳೆದ ಐದು ವರ್ಷಗಳಲ್ಲಿ ಯಾವ ಪಕ್ಷಕ್ಕೆ ಕೆಲಸ ಮಾಡಿದೆ ಎಂಬುದೂ ಬರಲಿ. ತಾಲ್ಲೂಕಿನ ವರದಿಗಾರರಿಗೆ ಬದುಕುವಷ್ಟು ಸಂಬಳ ಕೊಡಿ, ಅವರನ್ನು ಜಾಹೀರಾತಿಗೆ ಕಳಿಸಬೇಡಿ. ಈ ಕೊನೆಯದು ಆಗುವ ತನಕ ಮೊದಲ ಎರಡು ಆದರೂ ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಬದಲಾವಣೆ ಕಾಣಲಾರದು ಎಂದು ನನ್ನ ಅನುಭವ ಹೇಳುತ್ತದೆ. ಮಾಲೀಕರು ‘ಎಲ್ಲಿಂದ ತರುವುದು’ ಎನ್ನುತ್ತಾರೆ. ಕೆಲವೇ ರೂಪಾಯಿಗೆ ಪತ್ರಿಕೆ ಕೊಳ್ಳುವ ನಾವೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ. ಒಂದು ಚಹಾದ ಬೆಲೆಗಿಂತ ಕಡಿಮೆಗೆ ಸುದ್ದಿ ಸಿಗಬೇಕೆಂದರೆ ಉಳಿದದ್ದನ್ನು ಬೇರೆ ಯಾರೋ ಕೊಡುತ್ತಿದ್ದಾರೆ.

ಕಾರ್ಯಕ್ರಮಕ್ಕೆ ಮೊದಲು ಸೇಡಂ ಕಡೆಯ ಒಬ್ಬ ವಿದ್ಯಾರ್ಥಿನಿ ಹೊರಗೆ ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅವಳ ಕಾಕಾ ಒಂದು ಪಕ್ಷದ ಬ್ಲಾಕ್ ಮಟ್ಟದ ಪದಾಧಿಕಾರಿ. ಅವಳ ಕಾಲೇಜು ಫೀಸು ಕಟ್ಟುತ್ತಿರುವವರೂ ಅವರೇ. ‘ಸರ್, ನಾನು ರಾಜಕೀಯ ವರದಿ ಮಾಡಬಹುದೇ?’ ಎಂದಳು. ‘ತಂಗಿ, ಕೆಲಸಕ್ಕೆ ಸೇರಿದ ದಿನವೇ ನೀನು ಈಗ ನನಗೆ ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆದು ಸಂಪಾದಕರಿಗೆ ಕೊಡು, ಅದರ ಒಂದು ಪ್ರತಿ ನಿನ್ನ ಬಳಿ ಇಟ್ಟುಕೋ. ಸೇಡಂ ಚುನಾವಣೆ ನಿನಗೆ ಬೇಡ, ಉಳಿದದ್ದೆಲ್ಲ ಬರೆ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫೀಸಿನ ವಿಷಯವನ್ನೂ ಬರೆಯಬೇಕೇ?’ ಎಂದು ಕೇಳಿದಳು. ಬರೆಯಬೇಕು ಎಂದೆ. ಬ್ಯಾಗಿನಿಂದ ನೋಟ್ ಪುಸ್ತಕ ತೆಗೆದು ಅಲ್ಲೇ ಕಟ್ಟೆಯ ಮೇಲೆ ಕೂತು ಆ ಎರಡು ಸಾಲು ಬರೆದಳು. ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ.